ಬಿಟ್ಟ ಮೀನು, ಉಳಿದ ಚಿತ್ರ

ಪಾಸ್ಕ ಹಬ್ಬದ ನಂತರದ ವಾರಗಳಲ್ಲಿ ಮನೆಮನೆಗೆ ಹೋಗಿ ಆಶೀರ್ವದಿಸುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ರೂಢಿ. ಹಾಗೆ ಹೋದಾಗ ಚಾಮರಾಜಪೇಟೆಯ ಒಂದು ಹಳೆಯ ಮನೆಯಲ್ಲಿ ನಡೆದ ಮಾತುಕತೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಮುಂದೆ ಸಣ್ಣ ಜಗಲಿ, ಒಳಗೆ ಕೆಂಪು ಗಾರೆಯ ನೆಲ, ನಡುಮನೆಯ ಗೋಡೆಯ ಮೇಲೆ ಪವಿತ್ರ ಹೃದಯದ ಪಟ. ಎದುರು ಗೋಡೆಯಲ್ಲಿ ಅದಕ್ಕಿಂತ ಎರಡು ಪಟ್ಟು ದೊಡ್ಡದಾದ ಇನ್ನೊಂದು ಚಿತ್ರ. ಹಸಿರು ನೀರಿನ ನದಿ, ಹಿಂದೆ ಬೆಟ್ಟ, ಮೊಣಕಾಲಿನವರೆಗೆ ನೀರಿನಲ್ಲಿ ನಿಂತ ಒಬ್ಬ ವ್ಯಕ್ತಿ. ಅವನ ಎರಡು ಕೈಗಳ ಮೇಲೆ ಬಂಗಾರದ ಬಣ್ಣದ ದೊಡ್ಡ ಮೀನು. ಅದರ ಒಂದೊಂದು ಹುರುಪೆಯೂ ಬೆಳಗಿನ ಬಿಸಿಲಿಗೆ ಕಾಸಿನಂತೆ ಹೊಳೆಯುತ್ತಿತ್ತು.

ಮನೆಯ ಅಜ್ಜಿ ಹೆಮ್ಮೆಯಿಂದ ಹೇಳಿದರು: “ನಮ್ಮ ಮಗ ತೆಗೆದದ್ದು ಸ್ವಾಮಿ. ಹಿಡಿದ ಮೀನನ್ನ ಮತ್ತೆ ನೀರಿಗೇ ಬಿಟ್ಟುಬಿಡ್ತಾರಂತೆ. ತಿನ್ನೋದಿಲ್ಲ. ಸುಮ್ನೆ ಫೋಟೋ ಅಷ್ಟೇ.”

ಪಕ್ಕದಲ್ಲಿ ನಿಂತಿದ್ದ ಮಗ ಏನೂ ಹೇಳಲಿಲ್ಲ. ಅವರ ಆರೇಳು ವರ್ಷದ ಮಗಳು ಚಿತ್ರವನ್ನೇ ನೋಡುತ್ತಾ ನನ್ನನ್ನು ಕೇಳಿದಳು: “ಫಾದರ್, ಆ ಮೀನು ಯಾಕೆ ಬಾಯಿ ತೆಗೆದಿದೆ? ನಗ್ತಾ ಇದೆಯಾ?”

ಮಕ್ಕಳ ಪ್ರಶ್ನೆಗೆ ನಗುವುದು ಸುಲಭ. ನಾವೆಲ್ಲರೂ ನಕ್ಕೆವು. ಅವಳ ತಂದೆ ಮಾತ್ರ ನಗಲಿಲ್ಲ.

ಅಂದು ಸಂಜೆ ಅವರು ಗುರುನಿವಾಸಕ್ಕೆ ಬಂದರು. “ಪಾಪನಿವೇದನೆಗೆ ಅಲ್ಲ ಫಾದರ್, ಸ್ವಲ್ಪ ಮಾತಾಡಬೇಕಿತ್ತು” ಎಂದರು. ಅವರು ಹೇಳಿದ್ದನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬೇಡ.

“ಇನ್ನೊಂದೇ ಒಂದು”

ಅವರು ಕಂಪ್ಯೂಟರ್ ಸಂಸ್ಥೆಯೊಂದರಲ್ಲಿ ಉದ್ಯೋಗಿ. ವರ್ಷಕ್ಕೊಮ್ಮೆ ನಾಲ್ವರು ಸ್ನೇಹಿತರೊಡನೆ ದೂರದ ನದಿಗಳಿಗೆ ಹೋಗುತ್ತಾರೆ. ಸ್ನೇಹಿತರು ಗಾಳ ಹಾಕುವವರು. ಇವರು ಗಾಳ ಮುಟ್ಟುವುದಿಲ್ಲ, ಕ್ಯಾಮೆರಾ ಹಿಡಿಯುತ್ತಾರೆ. ಅವರು ಹೋಗುವುದು ಫ್ಲೈ ಫಿಶಿಂಗ್ ಎಂಬ ಗಾಳಕ್ಕೆ. ನಮ್ಮ ಕೆರೆಯ ಹುಡುಗರು ಗಾಳದ ಕೊಕ್ಕೆಗೆ ಎರೆಹುಳು ಚುಚ್ಚುತ್ತಾರೆ. ಕಾವೇರಿಯ ದೊಡ್ಡ ಮೀನಿಗೆ ಬೇಯಿಸಿದ ರಾಗಿಹಿಟ್ಟಿನ ಉಂಡೆ ಕಟ್ಟುವುದುಂಟು. ಫ್ಲೈನಲ್ಲಿ ತಿನ್ನುವಂಥದ್ದು ಏನೂ ಇಲ್ಲ. ಹಕ್ಕಿಯ ಗರಿ, ರೋಮ, ನೂಲು ಇವುಗಳನ್ನು ಸಣ್ಣ ಕೊಕ್ಕೆಗೆ ಸುತ್ತಿ, ನೀರಿನ ಮೇಲೆ ಬಿದ್ದ ಹುಳುವಿನಂತೆಯೋ ಮರಿಮೀನಿನಂತೆಯೋ ಕಾಣುವ ಹಾಗೆ ಕಟ್ಟಿರುತ್ತಾರೆ. ಅದಕ್ಕೆ ತೂಕವಿಲ್ಲ, ದಾರದ ತೂಕದಿಂದಲೇ ಅದನ್ನು ಬೀಸಿ ಎಸೆಯಬೇಕು. ತಿಳಿನೀರು ಬೇಕು, ನಿಶ್ಶಬ್ದ ಬೇಕು, ತಾಳ್ಮೆ ಬೇಕು. ಹಾಗಾಗಿಯೇ ಇವರು ಜನಸಂಚಾರವಿಲ್ಲದ ಜಾಗಗಳನ್ನು ಹುಡುಕಿಕೊಂಡು ಹೋಗುತ್ತಾರೆ.

ಎರಡು ವರ್ಷದ ಹಿಂದೆ ಹಿಮಾಲಯದ ತಪ್ಪಲಿನ ಒಂದು ಕಣಿವೆಗೆ ಹೋಗಿದ್ದರು. ಪರವಾನಗಿ ಪಡೆದಿದ್ದರು. ಹಿಡಿದ ಮೀನನ್ನು ಬಿಡಬೇಕೆಂಬುದು ಅಲ್ಲಿನ ನಿಯಮ. ಐದು ದಿನ ಏನೂ ಸಿಗಲಿಲ್ಲ. ಕೊನೆಯ ದಿನ ಬೆಳಿಗ್ಗೆ ಆ ಮೀನು ಸಿಕ್ಕಿತು. ಸ್ನೇಹಿತ ಅದನ್ನು ನೀರಿನಿಂದ ಎತ್ತಿ ಹಿಡಿದ. ಅಷ್ಟರಲ್ಲಿ ಮೋಡ ಸೂರ್ಯನನ್ನು ಮುಚ್ಚಿತು. ಇವರು, “ತಾಳು, ಬಿಸಿಲು ಬರಲಿ” ಎಂದರು. ಬಿಸಿಲು ಬಂತು, ಮೀನು ಒದ್ದಾಡಿತು, ಚಿತ್ರ ಅಲುಗಾಡಿತು. “ಇನ್ನೊಂದು” ಎಂದರು. ಸ್ವಲ್ಪ ನೀರಿನಲ್ಲಿಟ್ಟು ಮತ್ತೆ ಎತ್ತಿದ. ಸ್ನೇಹಿತನ ಟೋಪಿಯ ನೆರಳು ಮೀನಿನ ಮೇಲೆ ಬಿದ್ದಿತ್ತು. “ಇನ್ನೊಂದೇ ಒಂದು.” ಹೀಗೆ ನಾಲ್ಕು ಸಲ. ನಾಲ್ಕನೆಯ ಸಲ ಮೀನು ಒದ್ದಾಡಲಿಲ್ಲ. ಅದರಿಂದಲೇ ಚಿತ್ರ ಅಷ್ಟು ಚೆನ್ನಾಗಿ ಬಂತು.

ಮೀನನ್ನು ಬಿಟ್ಟರು. ಅದು ನಿಧಾನವಾಗಿ ಆಳಕ್ಕೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅರ್ಧ ಗಂಟೆಯ ನಂತರ ಇವರು ತಟ್ಟೆ ತೊಳೆಯಲು ಸ್ವಲ್ಪ ಕೆಳಗೆ ಹೋದಾಗ, ಎರಡು ಬಂಡೆಗಳ ನಡುವೆ ಆ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಇವರು ಯಾರಿಗೂ ಹೇಳಲಿಲ್ಲ. ಊರಿಗೆ ಬಂದ ಮೇಲೆ ಸ್ನೇಹಿತರು ಆ ಚಿತ್ರವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಇವರ ಹುಟ್ಟುಹಬ್ಬಕ್ಕೆ ಕೊಟ್ಟರು.

“ಫಾದರ್, ಮೀನು ಸತ್ತದ್ದಕ್ಕೇ ನನಗೆ ಇಷ್ಟು ಸಂಕಟ ಅಂತ ಹೇಳಿದರೆ ಸುಳ್ಳಾಗುತ್ತೆ. ನಾವು ಮೀನು ತಿನ್ನೋರೇ. ಆದರೆ ಅಮ್ಮ ಬಂದವರಿಗೆಲ್ಲ ‘ಬಿಟ್ಟುಬಿಟ್ರು’ ಅಂತ ಹೇಳ್ತಾರೆ. ಆಗೆಲ್ಲ ನಾನು ಅಡುಗೆಮನೆಗೆ ಎದ್ದುಹೋಗ್ತೀನಿ. ನಾನು ಮಾಡಿದ್ದು ತಪ್ಪಾ? ತಪ್ಪಾದರೆ, ಅದರಲ್ಲಿ ಯಾವುದು ತಪ್ಪು? ಹೋದದ್ದಾ, ಹಿಡಿದದ್ದಾ, ಫೋಟೋ ತೆಗೆದದ್ದಾ?”

ಗುರುಮಠದಲ್ಲಿ ನಾಲ್ಕಾರು ವರ್ಷ ತತ್ವಶಾಸ್ತ್ರ, ದೈವಶಾಸ್ತ್ರ ಓದಿದವನು ನಾನು. ಆದರೂ ಅಂದು ತಕ್ಷಣ ಉತ್ತರ ಹೊಳೆಯಲಿಲ್ಲ. “ಸ್ವಲ್ಪ ಯೋಚಿಸೋಣ” ಎಂದು ಕಳುಹಿಸಿದೆ. ಯೋಚಿಸಿದ್ದನ್ನು ಓದುಗರ ಮುಂದೆ ಇಡುತ್ತಿದ್ದೇನೆ.

ಗೋಡೆಗೆ ಬಂದ ಮೀನು

ಈ ಹವ್ಯಾಸ ನಮ್ಮ ನಾಡಿಗೆ ಹೊಸದಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಆಂಗ್ಲ ಅಧಿಕಾರಿ ಭಾರತದ ನದಿಗಳಲ್ಲಿ ಗಾಳ ಹಾಕುವುದರ ಬಗ್ಗೆ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವನ್ನು 1873ರಲ್ಲೇ ಹೊರತಂದಿದ್ದ. ಅವನಂಥವರ ಕಣ್ಣೆಲ್ಲ ಮಹಶೀರ್ ಮೀನಿನ ಮೇಲೆ. ಶೃಂಗೇರಿಯ ತುಂಗೆಯಲ್ಲಿಯೂ ಶಿಶಿಲದ ಕಪಿಲೆಯಲ್ಲಿಯೂ ಭಕ್ತರು ‘ದೇವರ ಮೀನು’ ಎಂದು ಅಕ್ಕಿ, ಪುರಿ ಹಾಕಿ ಸಾಕುವ ಮೀನುಗಳಲ್ಲಿ ಈ ಬಳಗದವೂ ಇವೆ. ತುಳುವರು ಇದನ್ನು ಪೆರುವೋಲು ಎನ್ನುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಗಾಳಪ್ರಿಯರು ಅದನ್ನು ಇಂದಿಗೂ ದಾಖಲೆಯೆಂದು ಸ್ಮರಿಸುತ್ತಾರೆ. ಮಹಾರಾಜರು, ಸಾಹೇಬರು ಬೇಟೆಯಾಡಿದ ಹುಲಿ, ಚಿರತೆಗಳನ್ನು ಜೀವವಿರುವಂತೆ ನಿಲ್ಲಿಸಿಕೊಡುತ್ತಿದ್ದ ಪ್ರಸಿದ್ಧ ಕುಟುಂಬವೂ ಅದೇ.

ಇಲ್ಲೊಂದು ವಿಷಯ ಗಮನಿಸಬೇಕು. ಬೇಟೆಗಾರನಿಗೆ ಬೇಟೆಯ ಜೊತೆ ಗೋಡೆಯೂ ಬೇಕಿತ್ತು. ತಾನು ಗೆದ್ದೆ ಎಂದು ಹತ್ತು ಜನ ನೋಡಬೇಕಿತ್ತು. ಹುಲಿಯ ತಲೆಯನ್ನು ಗೋಡೆಗೆ ಏರಿಸಬೇಕಾದರೆ ಹುಲಿ ಸಾಯಲೇಬೇಕು. ಕ್ಯಾಮೆರಾ ಬಂದ ಮೇಲೆ ಪ್ರಾಣ ತೆಗೆಯದೆಯೂ ಗೋಡೆ ತುಂಬಿಸಬಹುದು ಎಂದಾಯಿತು. ಇದು ಸಣ್ಣ ಪುಣ್ಯವಲ್ಲ. ಬಂದೂಕು ಕೆಳಗಿಟ್ಟು ಕ್ಯಾಮೆರಾ ಎತ್ತಿಕೊಂಡವರು ನಮ್ಮ ನಾಡಿನಲ್ಲಿ ಎಷ್ಟೋ ಮಂದಿ. ಬೆಂಗಳೂರಿನವರೇ ಆದ ಟಿ.ಎನ್.ಎ. ಪೆರುಮಾಳ್ ಅವರಂಥವರು ಕಾಡಿನ ಜೀವಿಗಳ ಚಿತ್ರಗಳಿಂದ ಜಗತ್ತಿಗೇ ಪರಿಚಿತರಾದರು. ಮೂಡಿಗೆರೆಯಲ್ಲಿ ನೆಲೆಸಿದ್ದ ನಮ್ಮ ಪೂರ್ಣಚಂದ್ರ ತೇಜಸ್ವಿಯವರು ಗಾಳವನ್ನೂ ಕ್ಯಾಮೆರಾವನ್ನೂ ಒಂದೇ ಪ್ರೀತಿಯಿಂದ ಹಿಡಿದವರು.

ಕಾವೇರಿಯಲ್ಲಿ ಈ ಬದಲಾವಣೆ ಕಣ್ಣಿಗೆ ಕಟ್ಟುವಂತೆ ನಡೆಯಿತು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ಯುವಕರು ಇಲ್ಲಿನ ಮಹಶೀರ್ ಮೀನನ್ನು ಹೊರಜಗತ್ತಿಗೆ ಮತ್ತೆ ಪರಿಚಯಿಸಿದರು. ಆಮೇಲೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಗಾಳದ ಶಿಬಿರಗಳು ಹೆಸರಾದವು. ಹಿಡಿ, ತೂಗು, ಚಿತ್ರ ತೆಗೆ, ಬಿಡು: ಇದು ಅಲ್ಲಿನ ಕ್ರಮ. ಹಿಂದೆ ಸಿಡಿಮದ್ದು ಹಾಕಿ ಮೀನು ಕೊಲ್ಲುತ್ತಿದ್ದ ಹಳ್ಳಿಗರೇ ಕೆಲವರು ಶಿಬಿರದಲ್ಲಿ ಕೆಲಸ ಪಡೆದು, ಹೊಳೆಯ ಕಾವಲುಗಾರರಾದರು. ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದುಬಿಟ್ಟ ಮೀನುಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆರು ಸಾವಿರಕ್ಕೂ ಹೆಚ್ಚು ಮೀನು! ಮುಂದೆ ವಿಜ್ಞಾನಿಗಳು ಆ ಲೆಕ್ಕವನ್ನು ಕೂಡಿ ಕಳೆದು ನೋಡಿದಾಗ ಯಾರೂ ಊಹಿಸದಿದ್ದ ಸಂಗತಿ ಹೊರಬಿತ್ತು. ಒಟ್ಟು ಮೀನಿನ ಸಂಖ್ಯೆ ಹೆಚ್ಚುತ್ತಿತ್ತು; ಆದರೆ ಕಾವೇರಿಯ ಸ್ವಂತದ್ದಾದ, ಬೆನ್ನು ಡುಬ್ಬವಾದ ದೊಡ್ಡ ಮಹಶೀರ್ ಕಡಿಮೆಯಾಗುತ್ತಿತ್ತು. ಅದರ ಜಾಗಕ್ಕೆ ಬಂದದ್ದು ಹೊರಗಿನ ಮರಿ ತಂದು ಬಿಟ್ಟು ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್. ಡುಬ್ಬದ ಮೀನಿಗೆ ಸರಿಯಾದ ಶಾಸ್ತ್ರೀಯ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೆಸರಿಡುವ ಹೊತ್ತಿಗೆ ತೊಟ್ಟಿಲು ಬರಿದಾಗುತ್ತಾ ಬಂದಿತ್ತು.

ಈ ನಡುವೆ ಕಾವೇರಿ ವನ್ಯಧಾಮದ ಒಳಗೆ ಗಾಳ ಹಾಕುವುದು ವನ್ಯಜೀವಿ ಕಾಯಿದೆಗೆ ಹೊಂದುವುದಿಲ್ಲವೆಂದು 2012ರ ಹೊತ್ತಿಗೆ ನಿಂತುಹೋಯಿತು. ಒಳ್ಳೆಯದಾಯಿತು ಎಂದವರಿದ್ದಾರೆ. ಗಾಳದವರು ಹೋದ ಮೇಲೆ ಹೊಳೆಗೆ ಕಾವಲೇ ಇಲ್ಲದಾಯಿತು ಎಂದವರೂ ಇದ್ದಾರೆ. ಎರಡು ಮಾತಿನಲ್ಲೂ ತಿರುಳಿದೆ.

ಬಿಟ್ಟರೆ ಸಾಕೇ?

ಈಗ ಆ ತಂದೆಯ ಪ್ರಶ್ನೆಗೆ ಬರೋಣ.

ಮೊದಲಿಗೆ ಒಂದು ವಿಚಿತ್ರ. ಹಸಿದವನು ಮೀನು ಹಿಡಿದು ಕೊಂದು ತಿಂದರೆ ನಾವು ತಪ್ಪೆನ್ನುವುದಿಲ್ಲ. ಪೇತ್ರ, ಅಂದ್ರೆಯ, ಯೊವಾನ್ನ ಬೆಸ್ತರೇ ಆಗಿದ್ದರು. ಪುನರುತ್ಥಾನರಾದ ಪ್ರಭುವೇ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಶಿಷ್ಯರಿಗೆ ಬಡಿಸಿದರೆಂದು ಶುಭಸಂದೇಶ ಹೇಳುತ್ತದೆ. ಹೀಗಿರುವಾಗ ಕೊಲ್ಲದೆ ಬಿಟ್ಟವನನ್ನು ಪ್ರಶ್ನಿಸುವುದು ನ್ಯಾಯವೇ? ಕೊಂದವನು ನಿರಪರಾಧಿ, ಬಿಟ್ಟವನು ಅಪರಾಧಿಯೇ?

ಉತ್ತರ ‘ಅವಶ್ಯಕತೆ’ ಎಂಬ ಒಂದು ಮಾತಿನಲ್ಲಿದೆ ಎಂದು ನನಗೆ ತೋರುತ್ತದೆ. ಸಂತ ತೋಮಾಸ್ ಅಕ್ವಿನಾಸರು ಪ್ರಾಣಿಗಳನ್ನು ಮನುಷ್ಯನ ಬಳಕೆಗೆಂದೇ ಕಂಡರು; ಆದರೆ ಪ್ರಾಣಿಗಳಿಗೆ ಕ್ರೂರನಾದವನು ನಾಳೆ ಮನುಷ್ಯರಿಗೂ ಕ್ರೂರನಾಗಬಹುದೆಂಬ ಭಯ ಅವರಿಗಿತ್ತು. ಜರ್ಮನಿಯ ಕಾಂಟ್ ಕೂಡ ಬಹುಮಟ್ಟಿಗೆ ಇದನ್ನೇ ಹೇಳಿದ. ಅಷ್ಟಕ್ಕೇ ನಿಂತರೆ ಮೀನಿನ ನೋವಿಗೆ ಸ್ವತಃ ಬೆಲೆಯಿಲ್ಲ, ನಮ್ಮ ಸ್ವಭಾವ ಕೆಡಬಾರದು ಅಷ್ಟೇ ಎಂದಾಗುತ್ತದೆ. ಧರ್ಮಸಭೆಯ ಬೋಧನೆ ಅಲ್ಲಿಗೇ ನಿಲ್ಲಲಿಲ್ಲ. ಪ್ರಾಣಿಗಳನ್ನು ಅನಾವಶ್ಯಕವಾಗಿ ನೋಯಿಸುವುದೂ ಕೊಲ್ಲುವುದೂ ಮನುಷ್ಯನ ಘನತೆಗೆ ತಕ್ಕದ್ದಲ್ಲವೆಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಪೋಪ್ ಫ್ರಾನ್ಸಿಸ್ ಅವರ 2015ರ ‘ಲೌದಾತೋ ಸೀ’ ಪತ್ರ ಇನ್ನೂ ಮುಂದೆ ಹೋಗಿ, ನಮ್ಮ ಉಪಯೋಗಕ್ಕೆ ಬರಲಿ ಬಿಡಲಿ, ಒಂದೊಂದು ಜೀವಿಗೂ ದೇವರ ಮುಂದೆ ತನ್ನದೇ ಬೆಲೆಯಿದೆ ಎಂದು ಬೋಧಿಸುತ್ತದೆ.

ಹಾಗಾದರೆ ‘ಅನಾವಶ್ಯಕ’ ಎಂಬುದನ್ನು ಅಳೆಯುವುದು ಹೇಗೆ? ಹಸಿವಿಗೆ ಅಳತೆಯುಂಟು. ಹೊಟ್ಟೆ ತುಂಬಿದ ಬೆಸ್ತ ಬಲೆ ಮಡಚಿ ಮನೆಗೆ ಹೋಗುತ್ತಾನೆ. ಕಣ್ಣಿಗೆ ಅಂಥ ಅಳತೆಯಿಲ್ಲ. ಒಂದು ಚಿತ್ರ ಸಿಕ್ಕರೆ ಇನ್ನೂ ಚೆನ್ನಾದದ್ದು ಬೇಕೆನಿಸುತ್ತದೆ. ಅದು ಸಿಕ್ಕರೆ ಬೇರೆಯವರದಕ್ಕಿಂತ ಚೆನ್ನಾದದ್ದು ಬೇಕೆನಿಸುತ್ತದೆ. ಹೊಟ್ಟೆಯ ಆಸೆ ತನಗೆ ತಾನೇ ಕೊನೆ ಹೇಳಿಕೊಳ್ಳುತ್ತದೆ. ಕಣ್ಣಿನ ಆಸೆಗೆ ನಾವೇ ಕೊನೆ ಹೇಳಬೇಕು. ಆದ್ದರಿಂದಲೇ ತಿನ್ನುವವನಿಗಿಂತ ನೋಡುವವನು ಹೆಚ್ಚು ಎಚ್ಚರವಾಗಿರಬೇಕಾಗುತ್ತದೆ.

ಮೀನು ಉಸಿರಾಡುವುದು ಕಿವಿರುಗಳಿಂದ. ನೀರಿನಲ್ಲಿರುವಾಗ ಅವು ಬೀಸಣಿಗೆಯಂತೆ ಬಿಚ್ಚಿಕೊಂಡಿರುತ್ತವೆ. ನೀರಿನಿಂದ ಎತ್ತಿದ ಕೂಡಲೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಾಳದ ದಾರವನ್ನು ಎಳೆದಾಡಿ ಈಗಾಗಲೇ ದಣಿದ ಮೀನನ್ನು ಎತ್ತಿ ಹಿಡಿಯುವುದೆಂದರೆ, ಮೂರು ಮಹಡಿ ಓಡಿ ಹತ್ತಿ ಬಂದವನ ಮೂಗು ಬಾಯಿ ಮುಚ್ಚಿದಂತೆ. ಬಲ್ಲ ಗಾಳಗಾರರು ಇದಕ್ಕೊಂದು ಸರಳ ನಿಯಮ ಇಟ್ಟುಕೊಂಡಿದ್ದಾರೆ. ಮೀನನ್ನು ಎತ್ತುವಾಗ ನಿನ್ನ ಉಸಿರನ್ನೂ ಬಿಗಿಹಿಡಿ. ನಿನಗೆ ಸಾಕೆನಿಸುವ ಮೊದಲೇ ಅದನ್ನು ನೀರಿಗೆ ಇಳಿಸು. ಎಷ್ಟೋ ಮಂದಿ ಈಗ ಮೀನನ್ನು ಎತ್ತುವುದೇ ಇಲ್ಲ. ಕೈ ಒದ್ದೆ ಮಾಡಿಕೊಂಡು, ಮೀನು ನೀರಿನಲ್ಲೇ ಇರುವಾಗ ಚಿತ್ರ ತೆಗೆಯುತ್ತಾರೆ. ಬೇರೆಯವನ ಉಸಿರನ್ನು ನನ್ನ ಉಸಿರಿನಿಂದ ಅಳೆಯುವ ಈ ನಿಯಮಕ್ಕಿಂತ ಒಳ್ಳೆಯ ನೀತಿಪಾಠವನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಓದಿಲ್ಲ.

ಆದ್ದರಿಂದ ಆ ತಂದೆಗೆ ನಾನು ಹೇಳಿದ್ದು ಇದು: “ನೀವು ಹೋದದ್ದು ತಪ್ಪಲ್ಲ. ಕಾಡು, ಹೊಳೆ ನೋಡಬೇಕೆಂಬ ಆಸೆ ದೇವರು ಕೊಟ್ಟದ್ದೇ. ಚಿತ್ರ ತೆಗೆದದ್ದೂ ತಪ್ಪಲ್ಲ. ಗಾಲಿಬೋರೆಯಲ್ಲಿ ಲೆಕ್ಕ ಬರೆದಿಡದೆ ಇದ್ದಿದ್ದರೆ ಡುಬ್ಬದ ಮೀನು ಕಡಿಮೆಯಾಗುತ್ತಿರುವುದು ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆಯೇ ಪ್ರಾಮಾಣಿಕ ಚಿತ್ರವೂ ಒಂದು ಸಾಕ್ಷಿ. ಹಿಡಿದದ್ದರ ಬಗ್ಗೆ ಒಳ್ಳೆಯವರಲ್ಲೇ ಎರಡು ಅಭಿಪ್ರಾಯಗಳಿವೆ. ಅಲ್ಲಿ ನಾನು ತೀರ್ಪು ಕೊಡಲಾರೆ. ತಪ್ಪು ಇರುವುದು ‘ಇನ್ನೊಂದೇ ಒಂದು’ ಎಂಬ ಮಾತಿನಲ್ಲಿ. ಮೊದಲನೆಯ ಚಿತ್ರ ನೀವು ಕಂಡದ್ದಕ್ಕೆ ಸಾಕ್ಷಿ. ನಾಲ್ಕನೆಯದು ನಿಮ್ಮ ಕೈಚಳಕಕ್ಕೆ ಸಾಕ್ಷಿ. ಎರಡರ ಬೆಲೆಯನ್ನೂ ಮೀನೇ ತೆತ್ತಿತು.”

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಸರಿ ಫಾದರ್. ಆದರೆ ಗೋಡೆ ಮೇಲಿರೋದು?” ಎಂದರು.

ಚಿತ್ರ ಸುಳ್ಳು ಹೇಳುವುದೇ?

ಇದು ಮೊದಲನೆಯದಕ್ಕಿಂತ ಕಷ್ಟದ ಪ್ರಶ್ನೆ. ಆ ಚಿತ್ರದಲ್ಲಿ ಕೃತಕವಾದದ್ದು ಏನೂ ಇಲ್ಲ. ನದಿ ನಿಜ, ಬೆಟ್ಟ ನಿಜ, ಮೀನು ನಿಜ, ಬೆಳಕು ನಿಜ. ಆದರೂ ಅದನ್ನು ನೋಡಿದವರೆಲ್ಲರೂ ನಿಜವಲ್ಲದ್ದನ್ನು ನಂಬುತ್ತಾರೆ. ತರ್ಕಶಾಸ್ತ್ರದ ತರಗತಿಯಲ್ಲಿ, ನಿಜ ಅಥವಾ ಸುಳ್ಳಾಗುವುದು ನಾವು ನುಡಿಯುವ ತೀರ್ಮಾನವೇ ಹೊರತು ಬರಿಯ ರೂಪವಲ್ಲ ಎಂದು ನಮಗೆ ಕಲಿಸಿದ್ದರು. ಚಿತ್ರ ತಾನಾಗಿ ಏನನ್ನೂ ಹೇಳುವುದಿಲ್ಲ. ‘ಬಿಟ್ಟುಬಿಟ್ಟರು’ ಎಂದು ಅಜ್ಜಿ ಹೇಳುತ್ತಾರೆ, ನಿಷ್ಕಪಟವಾಗಿ. ಮಗ ಅಡುಗೆಮನೆಗೆ ಎದ್ದುಹೋಗುತ್ತಾರೆ. ಸುಳ್ಳು ಇರುವುದು ಗೋಡೆಯ ಮೇಲಲ್ಲ, ನಡುಮನೆಗೂ ಅಡುಗೆಮನೆಗೂ ನಡುವಿನ ಆ ನಾಲ್ಕು ಹೆಜ್ಜೆಯಲ್ಲಿ.

ಇಷ್ಟು ಬರೆದು ಲೇಖನಿ ಕೆಳಗಿಟ್ಟರೆ ನಾನೂ ಅಡುಗೆಮನೆಗೆ ಎದ್ದುಹೋದಂತೆಯೇ. ಏಕೆಂದರೆ ಯಾವ ಚಿತ್ರಕ್ಕೂ ನಾಲ್ಕು ಅಂಚುಗಳಿರುತ್ತವೆ. ಅಂಚಿನ ಆಚೆ ಇರುವುದನ್ನು ಅದು ತೋರಿಸುವುದಿಲ್ಲ. ಕಾವೇರಿಯ ಆ ‘ನಿರ್ಜನ, ಕನ್ಯೆ’ ಹೊಳೆಯ ಚಿತ್ರಗಳ ಅಂಚಿನ ಆಚೆ ಇರುವುದು ಬೇರೆ ಯಾರೂ ಅಲ್ಲ, ಬೆಂಗಳೂರಿನ ನಾವು.

ಸ್ವಲ್ಪ ಭೂಗೋಳ ನೋಡೋಣ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿಯ ನೀರನ್ನು ಎತ್ತಿ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ದೂಡಿ, ನಮ್ಮ ನಲ್ಲಿಗಳಿಗೆ ತರುತ್ತಾರೆ. ಆ ಯೋಜನೆಯ ಮೊದಲ ಹಂತ 1974ರಲ್ಲಿ ಮುಗಿಯಿತು; ಅಲ್ಲಿಂದೀಚೆಗೆ ಹಂತದ ಮೇಲೆ ಹಂತ ಸೇರುತ್ತಲೇ ಬಂದಿವೆ. ಅದು ನಾವು ಹೊಳೆಯಿಂದ ಪಡೆಯುವುದು. ನಾವು ಹೊಳೆಗೆ ಕೊಡುವುದೇನು? ವೃಷಭಾವತಿ ನದಿ ಹುಟ್ಟುವುದು ನಮ್ಮ ನಡುವೆಯೇ. ಬಸವನಗುಡಿಯವರು ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟುತ್ತದೆ ಎನ್ನುತ್ತಾರೆ. ಮಲ್ಲೇಶ್ವರದವರು ಕಾಡುಮಲ್ಲೇಶ್ವರನ ಎದುರಿನ ನಂದಿತೀರ್ಥವನ್ನು ತೋರಿಸುತ್ತಾರೆ. ಇಬ್ಬರೂ ಪೂಜ್ಯಭಾವದಿಂದ ಹೇಳುವ ಆ ನದಿ ಮೈಸೂರು ರಸ್ತೆಯ ಪಕ್ಕ ಕಪ್ಪು ನೀರಾಗಿ, ಮೂಗು ಮುಚ್ಚಿಕೊಳ್ಳುವಂತೆ ಹರಿಯುತ್ತದೆ. ಅದು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಕನಕಪುರ ದಾಟಿ, ಮೇಕೆದಾಟುವಿಗೆ ಸ್ವಲ್ಪ ಮೇಲೆ, ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ.

ಆ ಪ್ರಸಿದ್ಧ ಶಿಬಿರಗಳು ಎಲ್ಲಿದ್ದವು? ನಾವು ನೀರು ತೆಗೆದುಕೊಳ್ಳುವ ಜಾಗಕ್ಕೂ ಕೊಳೆ ಹಿಂದಿರುಗಿಸುವ ಜಾಗಕ್ಕೂ ನಡುವೆ. ಮೇಲೆ ನಮ್ಮ ಬಾಯಾರಿಕೆ, ಕೆಳಗೆ ನಮ್ಮ ಚರಂಡಿ. ನಡುವಿನ ಆ ತುಂಡು ಹೊಳೆಯಲ್ಲಿ ಬೆಳಗಿನ ಹೊಂಬಿಸಿಲಿಗೆ ಎತ್ತಿ ಹಿಡಿದ ಮೀನು. ಚಾಮರಾಜಪೇಟೆ 1892ರಲ್ಲಿ ಹುಟ್ಟಿತು. ಪ್ಲೇಗಿನ ಭಯದಲ್ಲಿ ಬಸವನಗುಡಿ, ಮಲ್ಲೇಶ್ವರಗಳು 1898ರಲ್ಲಿ ಹುಟ್ಟಿದವು. ಗಾಳಿ, ನೀರು ಶುದ್ಧವಿರಲೆಂದೇ ಈ ಬಡಾವಣೆಗಳನ್ನು ಕಟ್ಟಿದ್ದು. ನಮ್ಮ ಶುದ್ಧಿಗಾಗಿ ಕೊಳೆಯನ್ನು ಎಲ್ಲಿಗೆ ಕಳುಹಿಸಿದೆವು ಎಂದು ನಾವು ಕೇಳಿಕೊಳ್ಳಲಿಲ್ಲ. ನಾಲ್ಕು ಸಲ ಎತ್ತಿ ಹಿಡಿದ ಒಬ್ಬ ತಂದೆಗೆ ಮನಸ್ಸಾಕ್ಷಿ ಚುಚ್ಚಿತು. ಪ್ರತಿದಿನ ಬಕೆಟ್ಟು ಬಕೆಟ್ಟು ಸೋಪಿನ ನೀರು ಚೆಲ್ಲುವ ನಮಗೆ ಏಕೆ ಚುಚ್ಚುವುದಿಲ್ಲ? ನಮ್ಮ ತಪ್ಪಿನ ಫೋಟೋ ಯಾರೂ ತೆಗೆದು ಗೋಡೆಗೆ ಹಾಕಿಲ್ಲ ಎಂಬುದಕ್ಕೇ ಇರಬೇಕು.

ಶಿಶಿಲದ ನೆನಪೂ ಇಲ್ಲಿ ಬರುತ್ತದೆ. ಅಲ್ಲಿ ದೇವಸ್ಥಾನದ ಎದುರಿನ ಹೊಳೆಯಲ್ಲಿ ಮೀನನ್ನು ಯಾರೂ ಹಿಡಿಯುವುದಿಲ್ಲ. ಅದನ್ನು ನೋಡಲು ಗಾಳವೂ ಬೇಡ, ಎತ್ತುವುದೂ ಬೇಡ. ಮೆಟ್ಟಿಲ ಮೇಲೆ ಕುಳಿತು ಒಂದು ಹಿಡಿ ಅಕ್ಕಿ ಹಾಕಿದರೆ ಸಾಕು. ಆದರೆ 1996ರಲ್ಲಿ ದುಷ್ಕರ್ಮಿಗಳು ವಿಷ ಬೆರೆಸಿದ್ದರಿಂದ ಆ ಹೊಳೆಯ ಮೀನುಗಳು ರಾಶಿರಾಶಿಯಾಗಿ ಸತ್ತವು. ಊರವರು ಮನೆಯವರು ಸತ್ತಂತೆ ಅತ್ತರು. ನಾವು ಪ್ರತಿದಿನ ನೋಡಿ, ತಿನ್ನಿಸಿ, ಹೆಸರಿಟ್ಟು ಕರೆದ ಜೀವ ಹೋದರೆ ಅಳು ಬರುತ್ತದೆ. ವೃಷಭಾವತಿಯಲ್ಲಿ ಕೊನೆಯ ಮೀನು ಯಾವಾಗ ಸತ್ತಿತು? ಯಾರೂ ಅಳಲಿಲ್ಲ, ಯಾರೂ ಗುರುತಿಟ್ಟುಕೊಳ್ಳಲಿಲ್ಲ.

ನನ್ನ ಪಾಲು

ಇನ್ನೊಬ್ಬರಿಗೆ ಬುದ್ಧಿ ಹೇಳುವ ಮೊದಲು ನನ್ನದನ್ನೂ ಹೇಳಿಬಿಡುತ್ತೇನೆ. ಈ ಮಾತುಕತೆಯಾದ ಮುಂದಿನ ವಾರವೇ ನಮ್ಮಲ್ಲಿ ಒಂದು ಮದುವೆಯಿತ್ತು. ವರ ವಧುವಿಗೆ ಉಂಗುರ ತೊಡಿಸಿದ. ಫೋಟೋದವನು ನನ್ನ ಕಿವಿಯ ಬಳಿ ಬಂದು, “ಫಾದರ್, ಸರಿಯಾಗಿ ಸಿಗಲಿಲ್ಲ, ಇನ್ನೊಂದೇ ಒಂದು ಸಲ” ಎಂದ. ಎಷ್ಟೋ ವರ್ಷಗಳಿಂದ ನಾನು ಇಂಥ ಮಾತಿಗೆ ತಲೆಯಾಡಿಸುತ್ತಾ ಬಂದಿದ್ದೇನೆ. ವಧು ಉಂಗುರ ತೆಗೆದಿದ್ದಾಳೆ, ವರ ಮತ್ತೆ ತೊಡಿಸಿದ್ದಾನೆ, ಈ ಸಲ ಕ್ಯಾಮೆರಾ ನೋಡುತ್ತಾ. ಆ ಎರಡನೆಯ ಉಂಗುರದಲ್ಲಿ ಏನೋ ಒಂದು ಸತ್ತು ತೇಲುವುದನ್ನು ನಾನು ಅಂದೇ ಮೊದಲ ಸಲ ಕಂಡೆ.

ನಮ್ಮ ಮನೆಗಳಲ್ಲೂ ಇದು ನಡೆಯುತ್ತದೆ. ಮಗು ಮೊದಲ ಹೆಜ್ಜೆ ಇಟ್ಟಾಗ ನಾವು ಕೈ ಚಾಚುತ್ತೇವೆಯೇ, ಫೋನು ಚಾಚುತ್ತೇವೆಯೇ? ಆಸ್ಪತ್ರೆಯ ಹಾಸಿಗೆಯಲ್ಲಿರುವ ಅಜ್ಜನನ್ನು ‘ಸ್ವಲ್ಪ ನಗಿ’ ಎಂದು ಎಬ್ಬಿಸಿ ಕೂರಿಸುತ್ತೇವಲ್ಲ, ಅದು ಯಾರಿಗಾಗಿ? ನೆನಪಿಟ್ಟುಕೊಳ್ಳುವುದು ಪ್ರೀತಿಯ ಕೆಲಸ. ಆದರೆ ನೆನಪಿನ ನೆಪದಲ್ಲಿ ಎದುರಿಗಿರುವವರ ಉಸಿರು ಕಟ್ಟಿಸುವುದು ಪ್ರೀತಿಯಲ್ಲ. ಸಂತ ಅಗಸ್ಟೀನರು ಬಳಸಿಕೊಳ್ಳುವುದಕ್ಕೂ ಆನಂದಿಸುವುದಕ್ಕೂ ವ್ಯತ್ಯಾಸ ಹೇಳಿದ್ದರು. ಅದನ್ನು ಹೀಗೆ ನಮ್ಮ ಕಾಲಕ್ಕೆ ಹೇಳಿಕೊಳ್ಳಬಹುದು: ಕ್ಯಾಮೆರಾ ಇಲ್ಲದಿದ್ದರೂ ನಾನು ಇಲ್ಲಿಗೆ ಬರುತ್ತಿದ್ದೆನೇ? ಹೌದಾದರೆ ಆನಂದಿಸುತ್ತಿದ್ದೇನೆ. ಇಲ್ಲವಾದರೆ ಬಳಸಿಕೊಳ್ಳುತ್ತಿದ್ದೇನೆ.

ಎರಡನೆಯ ಪ್ರಶ್ನೆಯೂ ಬೇಕು: ಈ ಚಿತ್ರದ ಬೆಲೆಯನ್ನು ಯಾರು ತೆರುತ್ತಿದ್ದಾರೆ? ಗೂಡಿನಲ್ಲಿ ಮರಿಗೆ ಗುಟುಕು ಕೊಡುವ ಹಕ್ಕಿಯ ಚಿತ್ರ ಒಂದು ಕಾಲದಲ್ಲಿ ಬಹುಮಾನ ಗೆಲ್ಲುತ್ತಿತ್ತು. ಮನುಷ್ಯ ಹತ್ತಿರ ಹೋದರೆ ತಾಯಿಹಕ್ಕಿ ಗೂಡು ಬಿಟ್ಟು ಹೋಗಬಹುದೆಂದು ತಿಳಿದು, ಈಗ ಅನೇಕ ಛಾಯಾಗ್ರಾಹಕರ ಸಂಘಗಳು ಅಂಥ ಚಿತ್ರವನ್ನು ಸ್ಪರ್ಧೆಗೇ ತೆಗೆದುಕೊಳ್ಳುವುದಿಲ್ಲ. ತಾವು ಪ್ರೀತಿಸುವುದಕ್ಕಾಗಿ ತಮ್ಮ ಕಲೆಯ ಒಂದು ಭಾಗವನ್ನೇ ಬಿಟ್ಟುಕೊಟ್ಟವರು ಅವರು. ಬಿಡುವುದೆಂದರೆ ಅದು.

ಉಂಗುರದ ವಿಷಯದಲ್ಲಿ ಅಂದು ನಾನು, “ಬೇಡಪ್ಪ, ಆದದ್ದು ಆಯಿತು” ಎಂದೆ. ಫೋಟೋದವನಿಗೆ ಬೇಸರವಾಯಿತು. ವಧುವಿನ ತಂದೆಗೂ ಸ್ವಲ್ಪ ಬೇಸರವಾಯಿತು. ಅದಕ್ಕೆ ನನ್ನ ಬಳಿ ಒಳ್ಳೆಯ ಸಮಾಧಾನವಿರಲಿಲ್ಲ.

ಗೋಡೆಯ ಚಿತ್ರ ಏನಾಯಿತು?

ಓದುಗರು ಕೇಳಬಹುದು. ನಾನು ಆ ತಂದೆಗೆ ಚಿತ್ರವನ್ನು ಇಳಿಸಿ ಎಂದು ಹೇಳಲಿಲ್ಲ. ಇಳಿಸಿ ಕಪಾಟಿನ ಹಿಂದೆ ಇಟ್ಟುಬಿಟ್ಟರೆ ಅದು ಇನ್ನೊಂದು ಬಚ್ಚಿಡುವಿಕೆ. “ಇರಲಿ. ಆದರೆ ಅದರ ಕಥೆ ಪೂರ್ತಿ ಹೇಳಿ” ಎಂದೆ. ಅವರು, “ಅಮ್ಮನಿಗೆ ಹೇಗೆ ಹೇಳಲಿ?” ಎಂದು ಎದ್ದುಹೋದರು. ಆರು ತಿಂಗಳು ಅದರ ಸುದ್ದಿಯಿರಲಿಲ್ಲ. ನಾನೂ ಕೇಳಲಿಲ್ಲ.

ಕ್ರಿಸ್‍ಮಸ್ ಸಮಯದಲ್ಲಿ ಕಜ್ಜಾಯದ ಡಬ್ಬಿ ಹಿಡಿದು ಬಂದಾಗ ಅವರೇ ಹೇಳಿದರು. ಮೊದಲು ಮಗಳಿಗೆ ಹೇಳಿದರಂತೆ: “ಮೀನು ನಗ್ತಿರಲಿಲ್ಲ ಕಂದ. ಅದಕ್ಕೆ ಉಸಿರಾಡೋಕೆ ಆಗ್ತಿರಲಿಲ್ಲ. ಅಪ್ಪ ಫೋಟೋಗೋಸ್ಕರ ತುಂಬಾ ಹೊತ್ತು ಹೊರಗಡೆ ಇಟ್ಟುಬಿಟ್ಟೆ. ಅದು ಸತ್ತುಹೋಯ್ತು.” ಮಗು ಅತ್ತಿತು. ಎರಡು ದಿನ ತಂದೆಯೊಡನೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಕೇಳಿತಂತೆ: “ಸತ್ತುಹೋದ್ಮೇಲೆ ಯಾಕೆ ಇಟ್ಕೊಂಡಿದ್ದೀಯ?” “ಮರೀಬಾರದು ಅಂತ” ಎಂದರಂತೆ.

ಅಜ್ಜಿಗೂ ಈಗ ಗೊತ್ತು. ಬಂದವರಿಗೆ ಅವರು ಮೊದಲಿನಂತೆ ಹೆಮ್ಮೆಯಿಂದ ಹೇಳುವುದಿಲ್ಲ. ಯಾರಾದರೂ ಕೇಳಿದರೆ, “ಅವನನ್ನೇ ಕೇಳಿ” ಎನ್ನುತ್ತಾರೆ. ಮಗ ಅಡುಗೆಮನೆಗೆ ಎದ್ದುಹೋಗದೆ ಅಲ್ಲೇ ಕುಳಿತು ಹೇಳುತ್ತಾರೆ. ಸ್ನೇಹಿತರಿಗೂ ಹೇಳಿದರು. ಒಬ್ಬರು ಬೇಸರಪಟ್ಟು ಮಾತು ಬಿಟ್ಟರು. ಉಳಿದವರು ಮುಂದಿನ ಪ್ರವಾಸದಲ್ಲಿ ಮೀನನ್ನು ನೀರಿನಿಂದ ಎತ್ತುವುದಿಲ್ಲವೆಂದು ಒಪ್ಪಿಕೊಂಡಿದ್ದಾರೆ. ಅಂಥ ಚಿತ್ರದಲ್ಲಿ ಮೀನಿನ ಬೆನ್ನು ಮಾತ್ರ ಕಾಣುತ್ತದಂತೆ, ಉಳಿದದ್ದೆಲ್ಲ ನೀರು.

“ಅಷ್ಟು ಚೆನ್ನಾಗಿ ಬರೋದಿಲ್ಲ ಫಾದರ್” ಎಂದರು.

“ಮೀನಿಗೆ ಚೆನ್ನಾಗಿರುತ್ತಲ್ಲ” ಎಂದೆ. ಈ ಸಲ ಇಬ್ಬರೂ ನಕ್ಕೆವು.